ಇಂಟರ್ನೆಟ್ ಫೋನ್ ನಂಬರ್‌ಗೆ ಅರ್ಜಿ ಹಾಕಿ ಮೂರು ದಿನ ಆಯ್ತು, ನೋಂದಣಿಯೇ ಮುಗಿಯುತ್ತಿಲ್ಲ

ಏಲಕ್ಕಿ_ಮನೆ (ಹಾವೇರಿ)
ಎಲ್ಲರಿಗೂ ನಮಸ್ಕಾರ. ಗೊತ್ತಿದ್ದವರು ದಯವಿಟ್ಟು ದಾರಿ ತೋರಿಸಿ.

ನಮ್ಮದು ಏಲಕ್ಕಿ ಹಾರ ಪೋಣಿಸುವ ಮನೆ. ಮದುವೆ ಸೀಜನ್ ಬಂದರೆ ಎಲ್ಲ ಕರೆಯೂ ಒಂದೇ ಮೊಬೈಲ್‌ಗೆ ಬರುತ್ತವೆ. ಆ ಮೊಬೈಲ್ ಮಾವನವರ ಜೇಬಿನಲ್ಲಿ ಇರುತ್ತದೆ. ಅವರು ಮಾರ್ಕೆಟ್‌ಗೆ ಹೋದರೆ ಮನೆಯಲ್ಲಿರುವ ನನಗೆ ಆರ್ಡರ್ ಬಂದದ್ದೇ ಗೊತ್ತಾಗುವುದಿಲ್ಲ. ಹೋದ ತಿಂಗಳು ರಾಣೆಬೆನ್ನೂರಿನ ಒಂದು ಮದುವೆಯ ನಾಲ್ಕು ಹಾರದ ಆರ್ಡರ್ ಹೀಗೇ ತಪ್ಪಿತು. ಅದಕ್ಕೆ ಒಂದೇ ನಂಬರ್ ಇರಬೇಕು, ಇಬ್ಬರ ಮೊಬೈಲ್‌ನಲ್ಲೂ ರಿಂಗ್ ಆಗಬೇಕು. ಇಂಟರ್ನೆಟ್ ನಂಬರ್‌ನಲ್ಲಿ ಅದು ಆಗುತ್ತದೆ ಅಂತ ಕೇಳಿದೆ.

ಮೊದಲು ಗೂಗಲ್ ವಾಯ್ಸ್ ನೋಡಿದೆ, ಇಂಟರ್ನೆಟ್ ಮೂಲಕ ಫೋನ್ ನಂಬರ್ ಕೊಡುವ ಗೂಗಲ್‌ನ ಸೇವೆ ಅದು. ಅಮೆರಿಕದ ಕನ್ನಡದವರೂ ನಮ್ಮಲ್ಲಿ ಹಾರ ಕೇಳುತ್ತಾರೆ, ಅಲ್ಲಿನದೇ ನಂಬರ್ ಸಿಕ್ಕರೆ ಅವರಿಗೂ ಸುಲಭ ಅಂತ. ನಮ್ಮ ದೇಶದಲ್ಲಿ ಈ ಸೇವೆ ಇಲ್ಲ ಅಂತ ಬಂತು. ಆಮೇಲೆ ನಮ್ಮ ದೇಶದ್ದೇ ಒಂದು ಕಂಪನಿಗೆ (ಹೆಸರು ಬೇಡ) ಅರ್ಜಿ ಹಾಕಿದೆ. ಪ್ಯಾನ್, ಜಿಎಸ್‌ಟಿ ಸರ್ಟಿಫಿಕೇಟ್ ಎರಡೂ ಅಪ್‌ಲೋಡ್ ಮಾಡಿದೆ. ಎರಡು ಸಲ ತಿರಸ್ಕಾರ. "ಹೆಸರು ತಾಳೆಯಾಗುತ್ತಿಲ್ಲ" ಅಂತ ಒಂದೇ ಸಾಲು. ಈಗ ಮೂರನೇ ಸಲ ಹಾಕೋಣ ಅಂದರೆ ಓಟಿಪಿಯೇ ಬರುತ್ತಿಲ್ಲ.

ಇದರ ನಡುವೆ ಒಬ್ಬರು ಮೆಸೇಜ್ ಮಾಡಿದ್ದಾರೆ. 1,500 ರೂಪಾಯಿಗೆ ಅಮೆರಿಕದ ನಂಬರ್ ಕೊಡುತ್ತಾರಂತೆ. ನನ್ನ ಫೋನಿಗೆ ಆರು ಅಂಕಿಯ ಕೋಡ್ ಬರುತ್ತದೆ, ಅದನ್ನು ಹೇಳಿದರೆ ಸಾಕಂತೆ. ಕೊಡಬಹುದಾ?

ವಿದ್ಯಾನಗರ_ನೆಟ್ (ಹುಬ್ಬಳ್ಳಿ)
ಅಕ್ಕಾ, ಕೋಡ್ ಕೊಡಬೇಡಿ. ಮಿಕ್ಕಿದ್ದು ಆಮೇಲೆ ಬರೆಯುತ್ತೇನೆ. ಕೋಡ್ ಮಾತ್ರ ಕೊಡಬೇಡಿ.

ಲಕ್ಷ್ಮೇಶ್ವರದ_ತಂಗಿ
ಕೊಡಬೇಡಿ ಅಕ್ಕಾ!!

ಗೋಕುಲ_ರೋಡ್ (ಹುಬ್ಬಳ್ಳಿ)
ಗೂಗಲ್ ವಾಯ್ಸ್‌ಗೆ ಇಷ್ಟೆಲ್ಲ ಯಾಕೆ? ವಿಪಿಎನ್ ಹಾಕಿ ಅಮೆರಿಕ ಆರಿಸಿಕೊಳ್ಳಿ, ಪೇಜ್ ತೆರೆಯುತ್ತದೆ. ನಾನೇ ನೋಡಿದ್ದೇನೆ.

ವಿದ್ಯಾನಗರ_ನೆಟ್
ಪೇಜ್ ತೆರೆಯುತ್ತದೆ ತಮ್ಮಾ, ಮುಂದೆ? ಮುಂದಿನ ಹೆಜ್ಜೆಯಲ್ಲೇ ಅಮೆರಿಕದ ಫೋನ್ ನಂಬರ್ ಕೇಳುತ್ತದೆ. ಆ ನಂಬರ್‌ಗೆ ಆರು ಅಂಕಿಯ ಕೋಡ್ ಹೋಗುತ್ತದೆ. ನೀನು ಎಲ್ಲಿ ಕೂತಿದ್ದೀಯ ಅನ್ನುವುದನ್ನು ವಿಪಿಎನ್ ಮುಚ್ಚಿಡಬಹುದು, ನಿನ್ನ ಸಿಮ್ಮನ್ನು ಅಮೆರಿಕದ್ದು ಮಾಡುವುದಿಲ್ಲ. ಗೂಗಲ್ ವಾಯ್ಸ್ 2009ರಲ್ಲಿ ಶುರುವಾದಾಗಿಂದ ಸ್ವಂತ ಖಾತೆಯವರಿಗೆ ಅದು ಅಮೆರಿಕದ ಸೇವೆ. ಇದು ನಿಯಮ, ಅಕ್ಕನವರು ಏನೂ ತಪ್ಪು ಮಾಡಿಲ್ಲ.

ಗೋಕುಲ_ರೋಡ್
ಸರಿ, ಇನ್ನೊಂದು ಆ್ಯಪ್‌ನಿಂದ ಅಮೆರಿಕದ ಇಂಟರ್ನೆಟ್ ನಂಬರ್ ಫ್ರೀ ತೆಗೆದುಕೊಂಡು ಇಲ್ಲಿ ಕೊಟ್ಟರೆ?

ವಿದ್ಯಾನಗರ_ನೆಟ್
ಅಂಥ ನಂಬರನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ನಿಜವಾದ ಮೊಬೈಲ್ ಅಥವಾ ಲ್ಯಾಂಡ್‌ಲೈನ್ ಬೇಕು. ಹೇಗೋ ನುಗ್ಗಿದಿರಿ ಅಂತಲೇ ಇಟ್ಟುಕೊಳ್ಳಿ. ನಂಬರನ್ನು ಬೋರ್ಡ್ ಮೇಲೆ ಬರೆಸಿದಿರಿ, ಬಿಲ್ ಬುಕ್‌ನಲ್ಲಿ ಅಚ್ಚು ಹಾಕಿಸಿದಿರಿ, ಆರು ತಿಂಗಳಿಗೆ ಖಾತೆ ನಿಂತಿತು. ಆಗ ಯಾರನ್ನು ಕೇಳುತ್ತೀರಿ? ವ್ಯಾಪಾರದ ನಂಬರ್‌ನಲ್ಲಿ ಈ ಆಟ ಬೇಡ.

ಡಲ್ಲಾಸ್_ಧಾರವಾಡ
ನಮಸ್ಕಾರ ಅಕ್ಕಾ. ನಾನು ಮಾಳಮಡ್ಡಿ ಕಡೆಯವನು, ಈಗ ಟೆಕ್ಸಾಸ್‌ನಲ್ಲಿದ್ದೇನೆ. ಈ ಕೋಡ್ ವಿಷಯದಲ್ಲಿ ನಾನು ಮೋಸ ಹೋಗಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ.

ಮನೆ ಬದಲಿಸುವಾಗ ಒಂದು ಊಟದ ಟೇಬಲ್ ಮಾರಬೇಕಿತ್ತು. ಆನ್‌ಲೈನ್‌ನಲ್ಲಿ ಜಾಹೀರಾತು ಹಾಕಿದೆ. ಹತ್ತು ನಿಮಿಷದಲ್ಲಿ ಒಬ್ಬರು ಮೆಸೇಜ್ ಮಾಡಿದರು. "ನೀವು ನಿಜವಾದ ಮನುಷ್ಯರೇ ಅಂತ ನನಗೆ ಖಾತ್ರಿ ಆಗಬೇಕು, ಒಂದು ಕೋಡ್ ಕಳಿಸುತ್ತೇನೆ, ಓದಿ ಹೇಳಿ" ಅಂದರು. ಗಡಿಬಿಡಿಯಲ್ಲಿದ್ದೆ, ಓದಿ ಹೇಳಿಬಿಟ್ಟೆ. ಆ ಕೋಡ್ ಗೂಗಲ್ ವಾಯ್ಸ್‌ನದು. ನನ್ನ ಮೊಬೈಲ್ ನಂಬರ್ ಆಧಾರವಾಗಿಟ್ಟುಕೊಂಡು ಆ ವ್ಯಕ್ತಿ ತನಗೊಂದು ಹೊಸ ನಂಬರ್ ಮಾಡಿಕೊಂಡ. ಅದರಿಂದ ಮುಂದೆ ಯಾರಿಗೆ ಮೋಸ ಮಾಡಿದರೂ ಜಾಡು ಬರುವುದು ನನ್ನ ಹತ್ತಿರ.

ಆಮೇಲೆ ಸರಿಮಾಡಿದ್ದು ಹೀಗೆ. ನನ್ನ ಸ್ವಂತ ಗೂಗಲ್ ವಾಯ್ಸ್ ಖಾತೆ ತೆರೆದು ಅದೇ ಮೊಬೈಲ್ ಸೇರಿಸಿದೆ. "ಈ ನಂಬರ್ ಬೇರೆ ಖಾತೆಯಲ್ಲಿದೆ, ನಿಮ್ಮದಾಗಿಸಿಕೊಳ್ಳಬೇಕಾ" ಅಂತ ಕೇಳಿತು. ಹೌದು ಅಂದೆ. ಅವನ ಖಾತೆಯಿಂದ ನನ್ನ ಮೊಬೈಲ್ ಬಿಡಿಸಿಕೊಂಡೆ. ಇಲ್ಲಿ ಈ ಮೋಸ ಎಷ್ಟು ಸಾಮಾನ್ಯ ಅಂದರೆ ಸರ್ಕಾರದ ಗ್ರಾಹಕ ರಕ್ಷಣಾ ಸಂಸ್ಥೆಯೇ ಎಚ್ಚರಿಕೆ ಕೊಟ್ಟಿದೆ.

ಏಲಕ್ಕಿ_ಮನೆ
ಅಯ್ಯೋ. ಆದರೆ ನನ್ನದು ಇಂಡಿಯಾ ನಂಬರ್ ಅಲ್ವಾ ಅಣ್ಣಾ, ಅದರಿಂದ ಅವರು ಏನು ಮಾಡಿಕೊಳ್ಳುತ್ತಾರೆ?

ವಿದ್ಯಾನಗರ_ನೆಟ್
ನಿಮ್ಮ ವಾಟ್ಸಾಪ್ ಕಿತ್ತುಕೊಳ್ಳುತ್ತಾರೆ ಅಕ್ಕಾ. ವಾಟ್ಸಾಪ್ ಕೋಡೂ ಆರು ಅಂಕಿಯದೇ. ನಿಮ್ಮ ನಂಬರನ್ನು ಅವರು ತಮ್ಮ ಫೋನಿನಲ್ಲಿ ಹಾಕಿದರೆ ಕೋಡ್ ನಿಮಗೆ ಬರುತ್ತದೆ. ನೀವು ಹೇಳಿದ ಕೂಡಲೇ ನಿಮ್ಮ ವಾಟ್ಸಾಪ್ ಅವರ ಕೈಯಲ್ಲಿ. ಆಮೇಲೆ ನಿಮ್ಮ ಹೆಸರಲ್ಲಿ ನಿಮ್ಮ ಗಿರಾಕಿಗಳಿಗೇ "ಅರ್ಜೆಂಟ್ ಹಣ ಬೇಕು" ಅಂತ ಮೆಸೇಜ್ ಹೋಗುತ್ತದೆ.

ಈಗಲೇ ವಾಟ್ಸಾಪ್ ಸೆಟ್ಟಿಂಗ್ಸ್‌ಗೆ ಹೋಗಿ. ಅಕೌಂಟ್ ಒಳಗೆ ಟೂ ಸ್ಟೆಪ್ ವೆರಿಫಿಕೇಶನ್ ಇದೆ, ಅದನ್ನು ಆನ್ ಮಾಡಿ ಒಂದು ಪಿನ್ ಇಡಿ. ಮಾವನವರ ಫೋನಿನಲ್ಲೂ ಮಾಡಿ. ದುಡ್ಡು ಏನಾದರೂ ಕೊಟ್ಟಿದ್ದೀರಾ?

ಏಲಕ್ಕಿ_ಮನೆ
ಇಲ್ಲ, ಕೊಟ್ಟಿಲ್ಲ. ಈಗಲೇ ಎರಡೂ ಫೋನಿನಲ್ಲಿ ಪಿನ್ ಇಟ್ಟೆ. ಅವರನ್ನು ಬ್ಲಾಕ್ ಮಾಡಿದೆ.

ಮುಂಡರಗಿ_ಮೇಷ್ಟ್ರು
ಬ್ಲಾಕ್ ಮಾಡಿದರೆ ಸಾಲದು ತಾಯಿ. ಸಂಚಾರ್ ಸಾಥಿ ಜಾಲತಾಣದಲ್ಲಿ ಚಕ್ಷು ಅಂತ ಇದೆ, ಅಲ್ಲಿ ಆ ನಂಬರ್ ದೂರು ಕೊಡಿ. ದುಡ್ಡು ಹೋಗಿದ್ದರೆ ಮಾತ್ರ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಅದೂ ತಡಮಾಡದೆ. ಅದೇ ಸಂಚಾರ್ ಸಾಥಿಯಲ್ಲಿ ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತಲೂ ನೋಡಬಹುದು. ನಾನು ನೋಡಿದಾಗ ನನ್ನದಲ್ಲದ ಎರಡು ನಂಬರ್ ಇದ್ದವು. "ಇದು ನನ್ನದಲ್ಲ" ಅಂತ ಒತ್ತಿ ಕಳಿಸಿದೆ. ಎಲ್ಲರೂ ಒಮ್ಮೆ ನೋಡಿಕೊಳ್ಳಿ.

ಬ್ಯಾಡಗಿ_ಮೆಣಸಿನಕಾಯಿ
ನನಗೆ ಒಂದು ಅರ್ಥ ಆಗುತ್ತಿಲ್ಲ. ಇಂಟರ್ನೆಟ್ ನಂಬರ್ ಯಾಕೆ ಬೇಕು? ಮಾವನವರ ಮೊಬೈಲ್‌ನಿಂದ ನಿಮ್ಮ ಮೊಬೈಲ್‌ಗೆ ಕಾಲ್ ಫಾರ್ವರ್ಡ್ ಹಾಕಿದರೆ ಮುಗಿಯಿತು. ನಾವು ಅಂಗಡಿಯಲ್ಲಿ ಎಷ್ಟೋ ವರ್ಷ ಹಾಗೇ ಮಾಡಿದ್ದೇವೆ. ಸ್ಟಾರ್ ನಾಲ್ಕು ನೂರಾ ಒಂದು ಸ್ಟಾರ್ ಅಂತ ಒತ್ತಿದರೆ ಆಯ್ತು.

ವಿದ್ಯಾನಗರ_ನೆಟ್
ಕಾಕಾ, ಆ ಸ್ಟಾರ್ ಕೋಡ್ ಫಾರ್ವರ್ಡ್ 2024ರ ಏಪ್ರಿಲ್ 15ರಿಂದ ನಿಲ್ಲಿಸಲು ದೂರಸಂಪರ್ಕ ಇಲಾಖೆ ಆದೇಶ ಮಾಡಿತು. ಮೋಸಗಾರರು ಜನರಿಂದ ಅದೇ ಕೋಡ್ ಒತ್ತಿಸಿ ಓಟಿಪಿ ಕರೆಗಳನ್ನು ತಮ್ಮ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಇನ್ನೊಂದು ಮಾತು, ಫಾರ್ವರ್ಡ್ ಹಾಕಿದರೆ ಕರೆ ಒಂದು ಫೋನಿಗೆ ಹೋಗುತ್ತದೆ. ಅಕ್ಕನವರಿಗೆ ಬೇಕಾಗಿರುವುದು ಎರಡೂ ಕಡೆ ಒಟ್ಟಿಗೆ ರಿಂಗ್ ಆಗುವುದು.

ಬ್ಯಾಡಗಿ_ಮೆಣಸಿನಕಾಯಿ
ಹೌದಾ, ಅದು ನಿಂತಿದ್ದು ನನಗೆ ಗೊತ್ತಿರಲಿಲ್ಲ. ಆದರೂ ಹೇಳುತ್ತೇನೆ. ಎಲ್ಲದಕ್ಕೂ ಇಂಟರ್ನೆಟ್ ನಂಬಬೇಡಿ. ಕರೆಂಟ್ ಹೋದರೆ ರೂಟರ್ ಹೋಯಿತು, ರೂಟರ್ ಹೋದರೆ ನಂಬರ್ ಹೋಯಿತು. ಮಳೆಗಾಲದಲ್ಲಿ ನಮ್ಮ ಕಡೆ ಹೇಗಿರುತ್ತದೆ ಅಂತ ನಿಮಗೂ ಗೊತ್ತು.

ಏಲಕ್ಕಿ_ಮನೆ
ಮೊಬೈಲ್ ಡೇಟಾದಲ್ಲೂ ನಡೆಯುತ್ತದೆ ಅಂದರು ಕಾಕಾ. ಆದರೆ ನೀವು ಹೇಳಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇನೆ. ಹಳೇ ಮೊಬೈಲ್ ನಂಬರ್ ಬಿಡುವುದಿಲ್ಲ.

ಸಿಪ್_ಹುಡುಗ (ಗದಗ)
ಅಕ್ಕಾ, ನಾನು ಅಂಗಡಿ, ಆಸ್ಪತ್ರೆಗಳಿಗೆ ಇಂಟರ್ನೆಟ್ ಫೋನ್ ಹಾಕಿಕೊಡುವ ಕೆಲಸ ಮಾಡುತ್ತೇನೆ. ನಿಮ್ಮ ಅರ್ಜಿಯ ಬಗ್ಗೆ ಮೂರು ಪ್ರಶ್ನೆ.

ಜಿಎಸ್‌ಟಿ ಸರ್ಟಿಫಿಕೇಟ್ ತೆಗೆದು ನೋಡಿ. ಮೇಲೆ ಲೀಗಲ್ ನೇಮ್ ಅಂತ ಒಂದು ಸಾಲು, ಅದರ ಕೆಳಗೆ ಟ್ರೇಡ್ ನೇಮ್ ಅಂತ ಒಂದು ಸಾಲು ಇರುತ್ತದೆ. ಅರ್ಜಿಯಲ್ಲಿ ಅರ್ಜಿದಾರರ ಹೆಸರು ಅಂತ ಇರುವ ಕಡೆ ನೀವು ಯಾವುದನ್ನು ಬರೆದಿರಿ?

ಪ್ಯಾನ್ ಯಾರದು, ನಿಮ್ಮದಾ ಮಾವನವರದಾ?

ಓಟಿಪಿ ಬರಬೇಕಾದ ಮೊಬೈಲ್‌ನ ಸಿಮ್ ಇತ್ತೀಚೆಗೆ ಬದಲಿಸಿದ್ದೀರಾ?

ಏಲಕ್ಕಿ_ಮನೆ
ತಮ್ಮಾ, ಸರ್ಟಿಫಿಕೇಟ್ ಈಗ ಮುಂದೆ ಇಟ್ಟುಕೊಂಡು ಕೂತಿದ್ದೇನೆ. ಲೀಗಲ್ ನೇಮ್ ಅಂದಲ್ಲಿ ಮಾವನವರ ಪೂರ್ತಿ ಹೆಸರು ಇದೆ, ತಂದೆಯ ಹೆಸರು, ಅಡ್ಡಹೆಸರು ಎಲ್ಲ ಸೇರಿ. ಟ್ರೇಡ್ ನೇಮ್ ಅಂದಲ್ಲಿ ಅಂಗಡಿ ಹೆಸರು. ನಾನು ಅರ್ಜಿಯಲ್ಲಿ ಅಂಗಡಿ ಹೆಸರು ಬರೆದಿದ್ದೆ. ಎರಡನೇ ಸಲ ನನ್ನ ಹೆಸರು ಬರೆದೆ. ಪ್ಯಾನ್ ಮಾವನವರದು.

ಸಿಮ್ ಹೌದು, ನಿನ್ನೆ ಸಂಜೆ ಬದಲಿಸಿದೆವು. ಹಳೆಯದು ಸವೆದಿತ್ತು.

ಸಿಪ್_ಹುಡುಗ
ಎರಡೂ ಗಂಟು ಸಿಕ್ಕಿತು ಅಕ್ಕಾ.

ನಿಮ್ಮದು ಒಬ್ಬರೇ ಮಾಲೀಕರ ಅಂಗಡಿ. ಹಾಗಿದ್ದಾಗ ಲೀಗಲ್ ನೇಮ್ ಅಂದರೆ ಪ್ಯಾನ್‌ನಲ್ಲಿರುವ ಮಾಲೀಕರ ಹೆಸರೇ. ಅರ್ಜಿದಾರರ ಹೆಸರಿನ ಜಾಗದಲ್ಲಿ ಅದನ್ನೇ ಅಕ್ಷರ ಬಿಡದೆ ಬರೆಯಬೇಕು. ಇನಿಶಿಯಲ್ ಹಾಕಿ ಚಿಕ್ಕದು ಮಾಡಬೇಡಿ. ಅಂಗಡಿ ಹೆಸರಿಗೆ ಬೇರೆ ಜಾಗ ಇರುತ್ತದೆ. ನಮ್ಮ ಕಡೆ ಒಂದು ಕಾಗದದಲ್ಲಿ ಅಡ್ಡಹೆಸರು ಮೊದಲು ಬರುತ್ತದೆ, ಇನ್ನೊಂದರಲ್ಲಿ ಕೊನೆಗೆ. ಅರ್ಧ ಅರ್ಜಿಗಳು ವಾಪಸ್ ಬರುವುದು ಇದಕ್ಕೇ. ಪ್ಯಾನ್‌ನಲ್ಲಿ ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇದ್ದರೆ ಮೊದಲು ಅದನ್ನು ಸರಿ ಮಾಡಿಸಬೇಕು. ನಿಮ್ಮದು ಅಷ್ಟು ದೂರ ಹೋಗುವುದಿಲ್ಲ ಅನಿಸುತ್ತದೆ.

ಇನ್ನು ಓಟಿಪಿ. ಸಿಮ್ ಬದಲಿಸಿದರೆ ಮೊದಲ 24 ಗಂಟೆ ಆ ನಂಬರ್‌ಗೆ ಎಸ್‌ಎಂಎಸ್ ಬರುವುದಿಲ್ಲ, ಹೋಗುವುದೂ ಇಲ್ಲ. 2022ರಲ್ಲಿ ತಂದ ನಿಯಮ ಅದು. ಯಾರಾದರೂ ಕಳ್ಳತನದಿಂದ ನಿಮ್ಮ ನಂಬರ್‌ನ ಡೂಪ್ಲಿಕೇಟ್ ಸಿಮ್ ಮಾಡಿಸಿಕೊಂಡರೂ ಕೂಡಲೇ ನಿಮ್ಮ ಬ್ಯಾಂಕ್ ಓಟಿಪಿ ಸಿಗಬಾರದು ಅಂತ. ಇವತ್ತು ರಾತ್ರಿ ತನಕ ಕಾಯಿರಿ. ಸುಮ್ನೆ ಮತ್ತೆ ಮತ್ತೆ ರೀಸೆಂಡ್ ಒತ್ತಬೇಡಿ. ಜಾಸ್ತಿ ಒತ್ತಿದರೆ ಆ ಕಡೆಯಿಂದಲೂ ಬೀಗ ಬೀಳುತ್ತದೆ. ಬಂದಾಗ ಕೊನೆಗೆ ಬಂದ ಕೋಡ್ ಹಾಕಿ.

ಲಕ್ಷ್ಮೇಶ್ವರದ_ತಂಗಿ
ಅಯ್ಯೋ ಈ 24 ಗಂಟೆ ವಿಷಯ ಮೊದಲೇ ಗೊತ್ತಿದ್ದರೆ! ಹೋದ ವರ್ಷ ನಾನು ಸಿಮ್ ಬದಲಿಸಿದ ದಿನವೇ ಪರೀಕ್ಷೆಯ ಅರ್ಜಿ ತುಂಬಲು ಕೂತಿದ್ದೆ. ಓಟಿಪಿ ಬರಲಿಲ್ಲ, ಅಳುತ್ತಾ ಕೂತೆ. ಅಪ್ಪ ಸಿಮ್ ಅಂಗಡಿಯವರ ಜೊತೆ ಜಗಳ ಮಾಡಿ ಬಂದರು. ಪಾಪ ಅವರದ್ದೇನೂ ತಪ್ಪಿರಲಿಲ್ಲ.

ಗೋಕುಲ_ರೋಡ್
ಡಿಎನ್‌ಡಿ ಇದ್ದರೂ ಓಟಿಪಿ ಬರುವುದಿಲ್ಲ ಅಲ್ವಾ? ಅದನ್ನೂ ತೆಗೆಸಿ ಅಕ್ಕಾ.

ಸಿಪ್_ಹುಡುಗ
ಬೇಡ. ಡಿಎನ್‌ಡಿ ಜಾಹೀರಾತಿನ ಮೆಸೇಜ್‌ಗೆ. ಓಟಿಪಿಗೆ ಅದು ಅಡ್ಡ ಬರುವುದಿಲ್ಲ. ತೆಗೆಸಿದರೆ ದಿನಕ್ಕೆ ಇಪ್ಪತ್ತು ಸಾಲದ ಕರೆ ಬರುತ್ತವೆ ಅಷ್ಟೇ.

ಇನ್ನೊಂದು ತಪ್ಪು ಬಹಳ ಜನ ಮಾಡುತ್ತಾರೆ. ದೇಶ ಅಂತ ಇರುವ ಕಡೆ +91 ಆಗಲೇ ಬಂದಿರುತ್ತದೆ. ಪಕ್ಕದಲ್ಲಿ ಮತ್ತೆ 91 ಹಾಕಿ ನಂಬರ್ ಬರೆಯುತ್ತಾರೆ, ಇಲ್ಲವೇ ಮುಂದೆ ಸೊನ್ನೆ ಹಾಕುತ್ತಾರೆ. ಲ್ಯಾಂಡ್‌ಲೈನ್ ಕೊಡುವಾಗ ಇದು ಇನ್ನೂ ಜಾಸ್ತಿ. ಹಾವೇರಿಯ 08375ರಲ್ಲಿ ಸೊನ್ನೆ ಬಿಟ್ಟು 8375ರಿಂದ ಶುರು ಮಾಡಬೇಕು. ನಮ್ಮ ಗದಗಿನ 08372, ಹುಬ್ಬಳ್ಳಿ ಧಾರವಾಡದ 0836 ಎಲ್ಲಕ್ಕೂ ಹಾಗೇ.

ಉಣಕಲ್_ಕೆರೆ
ನೋಡಿ, ಎಲ್ಲ ಸರಿ. ಆದರೆ ಒಂದು ಏಲಕ್ಕಿ ಅಂಗಡಿಯವರು ನಂಬರ್ ತೆಗೆದುಕೊಳ್ಳಲು ಪ್ಯಾನ್, ಜಿಎಸ್‌ಟಿ, ಆಧಾರ್, ಓಟಿಪಿ ಅಂತ ಇಷ್ಟು ಅಲೆಯಬೇಕಾ? ಅಮೆರಿಕದಲ್ಲಿ ಎರಡು ನಿಮಿಷದಲ್ಲಿ ಸಿಗುತ್ತದೆ. ಇಲ್ಲಿ ಪ್ರಾಮಾಣಿಕರಿಗೇ ಕಷ್ಟ.

ಮುಂಡರಗಿ_ಮೇಷ್ಟ್ರು
ಎರಡು ನಿಮಿಷದಲ್ಲಿ ಸಿಗುವುದರಿಂದಲೇ ಅಲ್ಲವೇ ಡಲ್ಲಾಸಿನವರ ಹೆಸರಿನಲ್ಲಿ ಕಳ್ಳನಿಗೆ ನಂಬರ್ ಸಿಕ್ಕಿದ್ದು? 2018ಕ್ಕಿಂತ ಮುಂಚೆ ಆ್ಯಪ್‌ನಿಂದ ಸಾಮಾನ್ಯ ಫೋನಿಗೆ ಕರೆ ಮಾಡುವ ನಂಬರ್ ಬಗ್ಗೆ ನಮ್ಮಲ್ಲಿ ಗೊಂದಲ ಇತ್ತು. ಆ ವರ್ಷ ಲೈಸೆನ್ಸ್ ಇದ್ದ ಕಂಪನಿಗಳಿಗೆ ದಾರಿ ಬಿಟ್ಟರು. ಬಿಎಸ್ಎನ್ಎಲ್ ಆ ಜುಲೈನಲ್ಲೇ ವಿಂಗ್ಸ್ ಅಂತ ಇಂಟರ್ನೆಟ್ ಫೋನ್ ಸೇವೆ ತಂದಿತು. ಅಲ್ಲಿಂದ ಸಿಮ್‌ಗೆ ಕೇಳುವ ಕಾಗದವನ್ನೇ ಇದಕ್ಕೂ ಕೇಳುತ್ತಾರೆ. ನಂಬರ್ ಅಂದರೆ ನಂಬರೇ. ಇನ್ನೊಬ್ಬರಂತೆ ನಟಿಸಿ ಪಡೆದರೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ.

ಉಣಕಲ್_ಕೆರೆ
ಕಾಗದ ಕೇಳಲಿ ಮೇಷ್ಟ್ರೇ, ಬೇಡ ಅನ್ನುವುದಿಲ್ಲ. ಆದರೆ "ಹೆಸರು ತಾಳೆಯಾಗುತ್ತಿಲ್ಲ" ಅಂತ ಒಂದು ಸಾಲು ಕಳಿಸಿ ಸುಮ್ಮನಾದರೆ ಹೇಗೆ? ಯಾವ ಹೆಸರು, ಯಾವ ಕಾಗದದಲ್ಲಿ ಅಂತ ಕನ್ನಡದಲ್ಲಿ ಹೇಳಿದ್ದರೆ ಅಕ್ಕನವರಿಗೆ ಮೂರು ದಿನ ಉಳಿಯುತ್ತಿತ್ತು.

ಮುಂಡರಗಿ_ಮೇಷ್ಟ್ರು
ಅದು ಒಪ್ಪುವ ಮಾತು.

ಡಲ್ಲಾಸ್_ಧಾರವಾಡ
ಅಕ್ಕಾ, ಅಮೆರಿಕದ ಗಿರಾಕಿಗಳ ವಿಷಯ. ಬೇಕಾದರೆ ಇಲ್ಲಿರುವ ನಿಮ್ಮ ಸಂಬಂಧಿಕರು ತಮ್ಮ ಖಾತೆಯಲ್ಲಿ ನಂಬರ್ ತೆಗೆದು ತಾವೇ ಆರ್ಡರ್ ಬರೆದುಕೊಳ್ಳಲಿ. ಆದರೆ ಅವರ ಖಾತೆಯ ಪಾಸ್‌ವರ್ಡ್ ತೆಗೆದುಕೊಂಡು ನೀವು ಹಾವೇರಿಯಿಂದ ನಡೆಸುವುದು ಬೇಡ. ನಂಬರ್ ಅವರದಾಗಿಯೇ ಉಳಿಯುತ್ತದೆ, ಬಹಳ ದಿನ ಬಳಸದಿದ್ದರೆ ವಾಪಸ್ ಹೋಗುತ್ತದೆ.

ನನ್ನ ಮಾತು ಕೇಳಿದರೆ ಅಮೆರಿಕದ ನಂಬರ್ ನಿಮಗೆ ಬೇಡವೇ ಬೇಡ. ಇಲ್ಲಿ ಎಲ್ಲ ಕನ್ನಡದವರ ಹತ್ತಿರವೂ ವಾಟ್ಸಾಪ್ ಇದೆ, ಊರಿಗೆ ಮಾತಾಡುವುದೇ ಅದರಲ್ಲಿ. ನಮ್ಮ ಅಮ್ಮ ಮೊದಲು ಸ್ಕೈಪ್ ಅಂತಿದ್ದರು. ಅದು 2025ರ ಮೇ 5ಕ್ಕೆ ಮುಚ್ಚಿತು. ಅಮ್ಮ ಒಂದೇ ವಾರದಲ್ಲಿ ವಾಟ್ಸಾಪ್ ಕಲಿತರು.

ಸಿಪ್_ಹುಡುಗ
ಅಣ್ಣ ಹೇಳಿದ್ದು ಸರಿ. ಅಕ್ಕಾ, ಮನೆಯಲ್ಲಿ ಲ್ಯಾಂಡ್‌ಲೈನ್ ಇದೆಯಾ? ಇದ್ದರೆ ವಾಟ್ಸಾಪ್ ಬಿಸಿನೆಸ್ ಅನ್ನು ಅದೇ ನಂಬರ್‌ನಲ್ಲಿ ತೆರೆಯಬಹುದು. ಎಸ್‌ಎಂಎಸ್ ಬರುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು "ಕರೆ ಮಾಡಿ" ಅನ್ನುವ ಆಯ್ಕೆ ಬರುತ್ತದೆ. ಅದನ್ನು ಒತ್ತಿ. ಲ್ಯಾಂಡ್‌ಲೈನ್ ರಿಂಗ್ ಆಗುತ್ತದೆ, ಧ್ವನಿ ಆರು ಅಂಕಿ ಓದುತ್ತದೆ. ಪೆನ್ನು ಹಿಡಿದುಕೊಂಡು ಕೂತಿರಿ.

ಏಲಕ್ಕಿ_ಮನೆ
ಇದೆ! ಮಾವನವರು ಲ್ಯಾಂಡ್‌ಲೈನ್ ಬಿಟ್ಟಿಲ್ಲ. ಹಳೇ ಗಿರಾಕಿಗಳಿಗೆ ಆ ನಂಬರ್ ಬಾಯಿಪಾಠ ಅಂತ ಇಟ್ಟುಕೊಂಡಿದ್ದಾರೆ. ನಾನೇ ಸುಮ್ನೆ ಬಿಲ್ ಕಟ್ಟುತ್ತೀರಿ ಅಂತ ಅವರಿಗೆ ಹೇಳುತ್ತಿದ್ದೆ.

ಬ್ಯಾಡಗಿ_ಮೆಣಸಿನಕಾಯಿ
ಹಿರಿಯರು ಇಟ್ಟುಕೊಂಡಿದ್ದಕ್ಕೆ ಒಂದು ಕಾರಣ ಇರುತ್ತದೆ ನೋಡಿ.

ಅಂದ ಹಾಗೆ 2023ರ ಜನವರಿಯಲ್ಲಿ ಹಾವೇರಿಯಲ್ಲಿ ಸಾಹಿತ್ಯ ಸಮ್ಮೇಳನ ಆಯ್ತಲ್ಲ, 86ನೆಯದು. ಆಗ ನಾನು ಒಂದು ಏಲಕ್ಕಿ ಹಾರ ಕೊಂಡಿದ್ದೆ. ದೇವರ ಮನೆಯಲ್ಲಿ ಈಗಲೂ ಇದೆ, ಬಾಗಿಲು ತೆರೆದರೆ ಘಮ ಬರುತ್ತದೆ. ನಿಮ್ಮ ಮನೆಯದೇ ಇರಬಹುದು.

ಲಕ್ಷ್ಮೇಶ್ವರದ_ತಂಗಿ
ಅಕ್ಕಾ, ಮದುವೆ ಹಾರ ಹೇಗೆ ಮಾಡುತ್ತೀರಿ? ಕಾಯಿಗೆ ಸೂಜಿ ಹಾಕಿದರೆ ಒಡೆಯುವುದಿಲ್ಲವಾ?

ಏಲಕ್ಕಿ_ಮನೆ
ಕೈ ಪಳಗಬೇಕು ತಂಗಿ. ನಾವು ಒಂದೇ ಅಳತೆಯ ಕಾಯಿ ಮೊದಲು ಆರಿಸಿಕೊಳ್ಳುತ್ತೇವೆ. ಸೂಜಿಯನ್ನು ಬುಡದ ಹತ್ತಿರ ಹಾಕಬೇಕು, ನಡುವೆ ಹಾಕಿದರೆ ಸಿಪ್ಪೆ ಸೀಳಿ ಕಾಳು ಉದುರುತ್ತದೆ. ನಾನು ಮದುವೆಯಾಗಿ ಬಂದ ಮೊದಲ ವರ್ಷ ಬಟ್ಟಲು ತುಂಬ ಕಾಯಿ ಒಡೆದೆ. ಅತ್ತೆ ಬೈಯಲಿಲ್ಲ, ಆ ಕಾಳನ್ನೆಲ್ಲ ಪಾಯಸಕ್ಕೆ ಹಾಕಿದರು.

ಏಲಕ್ಕಿ_ಮನೆ
ಎಲ್ಲರಿಗೂ ಒಂದು ಸುದ್ದಿ. ನಿನ್ನೆ ರಾತ್ರಿ ಒಂಬತ್ತಕ್ಕೆ ಓಟಿಪಿ ಬಂತು. ಮಾವನವರ ಹೆಸರನ್ನು ಪ್ಯಾನ್ ನೋಡಿ ಒಂದೊಂದೇ ಅಕ್ಷರ ಬರೆದೆ, ಅವರು ಪಕ್ಕದಲ್ಲಿ ಕೂತು ಓದಿ ಹೇಳಿದರು. ಇವತ್ತು ಮಧ್ಯಾಹ್ನ ಅರ್ಜಿ ಪಾಸಾಯಿತು, ನಂಬರ್ ಬಂತು!

ವಾಟ್ಸಾಪ್ ಬಿಸಿನೆಸ್ ಕೂಡ ಲ್ಯಾಂಡ್‌ಲೈನ್ ನಂಬರ್‌ನಲ್ಲೇ ಆಯ್ತು. ಕೋಡ್ ಹೇಳುವ ಕರೆಯನ್ನು ಮಾವನವರೇ ಎತ್ತಿದರು. ಗಿರಾಕಿ ಅಂದುಕೊಂಡು ಎಷ್ಟು ಹಾರ ಬೇಕು ಅಂತ ಕೇಳಿದರು. ಎರಡನೇ ಸಲ ನಾನು ಎತ್ತಿ ಬರೆದುಕೊಂಡೆ.

ಈಗ ಒಂದು ತೊಂದರೆ ಉಳಿದಿದೆ. ಇಂಟರ್ನೆಟ್ ನಂಬರ್‌ನ ಆ್ಯಪ್ ನನ್ನ ಫೋನಿನಲ್ಲಿ ಹಸಿರು ತೋರಿಸುತ್ತದೆ, ರಿಂಗೂ ಆಗುತ್ತದೆ. ಆದರೆ ಮನೆ ವೈಫೈನಲ್ಲಿದ್ದಾಗ ಅವರ ಮಾತು ನನಗೆ ಕೇಳಿಸುತ್ತದೆ, ನನ್ನ ಮಾತು ಅವರಿಗೆ ಕೇಳಿಸುವುದಿಲ್ಲ. ಡೇಟಾ ಹಾಕಿದರೆ ಸರಿ ಇದೆ. ಮಾವನವರ ಫೋನಿನಲ್ಲಿ 403 ಅಂತ ಬರುತ್ತದೆ.

ಸಿಪ್_ಹುಡುಗ
ತುಂಬಾ ಖುಷಿ ಆಯ್ತು ಅಕ್ಕಾ!

ವೈಫೈನಲ್ಲಿ ಒಂದೇ ಕಡೆ ಮಾತು ಕೇಳಿಸಿದರೆ ಮೊದಲ ಅನುಮಾನ ರೂಟರ್ ಮೇಲೆ. ಅದರ ಸೆಟ್ಟಿಂಗ್‌ನಲ್ಲಿ ಸಿಪ್ ಎಎಲ್‌ಜಿ ಅಂತ ಒಂದು ಇರುತ್ತದೆ. ಸಹಾಯ ಮಾಡಲಿ ಅಂತ ಇಟ್ಟಿದ್ದು, ಆದರೆ ಕರೆಯ ವಿಳಾಸವನ್ನು ನಡುವೆ ತಿದ್ದಿ ಧ್ವನಿಯನ್ನು ದಾರಿ ತಪ್ಪಿಸುತ್ತದೆ. ಅದನ್ನು ಆಫ್ ಮಾಡಿ ರೂಟರ್ ಒಮ್ಮೆ ಬಂದ್ ಮಾಡಿ ಚಾಲೂ ಮಾಡಿ. ನಿಮಗೆ ಸಿಗದಿದ್ದರೆ ಇಂಟರ್ನೆಟ್ ಹಾಕಿದ ಹುಡುಗನಿಗೆ ಈ ಹೆಸರು ಹೇಳಿ, ಅವನಿಗೆ ಗೊತ್ತಿರುತ್ತದೆ. ನೆಟ್ ಸ್ಪೀಡ್ ಕಡಿಮೆ ಅಂತ ಹೇಳಿ ದೊಡ್ಡ ಪ್ಲಾನ್ ಹಾಕಿಸಲು ಬಂದರೆ ಒಪ್ಪಬೇಡಿ. ಒಂದು ಕರೆಗೆ ಪ್ರತಿ ಕಡೆಗೆ ಸೆಕೆಂಡಿಗೆ 90 ಕಿಲೋಬಿಟ್ ಆಸುಪಾಸು ಸಾಕು.

403 ಅಂದರೆ ಆ ಕಡೆಯ ಸರ್ವರ್ ಒಪ್ಪುತ್ತಿಲ್ಲ. ಹೆಚ್ಚಾಗಿ ಪಾಸ್‌ವರ್ಡ್ ತಪ್ಪು. ಒಂದು ಖಾತೆಗೆ ಒಂದೇ ಫೋನ್ ಅಂತ ಮಿತಿ ಇದ್ದರೂ ಹೀಗಾಗುತ್ತದೆ. ಕಂಪನಿಯವರನ್ನು ಎರಡನೇ ಯೂಸರ್ ಕೇಳಿ, ಆಮೇಲೆ ಇಬ್ಬರಿಗೂ ಒಟ್ಟಿಗೆ ರಿಂಗ್ ಆಗುವ ಹಾಗೆ ಮಾಡಿಸಿಕೊಳ್ಳಿ.

ಮತ್ತೆ, ತುರ್ತು ಇದ್ದಾಗ 112ಕ್ಕೆ ಈ ಆ್ಯಪ್‌ನಿಂದ ಕರೆ ಮಾಡಬೇಡಿ. ಮಾಮೂಲಿ ಸಿಮ್‌ನಿಂದಲೇ ಮಾಡಿ. ಮಾವನವರಿಗೂ ಹೇಳಿ.

ಗೋಕುಲ_ರೋಡ್
ನನ್ನ ವಿಪಿಎನ್ ಮಾತು ವಾಪಸ್ ತೆಗೆದುಕೊಂಡೆ. ಡಲ್ಲಾಸ್ ಅಣ್ಣನ ಕಥೆ ಓದಿ ನಾನೂ ಟೂ ಸ್ಟೆಪ್ ಹಾಕಿದೆ.

ಏಲಕ್ಕಿ_ಮನೆ
ಎರಡನೇ ಯೂಸರ್ ಸಿಕ್ಕಿತು. ಎರಡೂ ಫೋನ್ ಒಟ್ಟಿಗೆ ರಿಂಗ್ ಆದವು. ರೂಟರ್ ಹುಡುಗ ನಾಳೆ ಬರುತ್ತಾನೆ. ಅಲ್ಲಿಯವರೆಗೆ ನಾನು ಡೇಟಾದಲ್ಲೇ ಇದ್ದೇನೆ.

ಡಲ್ಲಾಸ್_ಧಾರವಾಡ
ಹಾಗಾದರೆ ಮೊದಲ ವಾಟ್ಸಾಪ್ ಆರ್ಡರ್ ನನ್ನದು ಅಕ್ಕಾ. ಅಕ್ಕನ ಮಗಳ ಮದುವೆ ಧಾರವಾಡದಲ್ಲಿದೆ, ಎರಡು ಹಾರ ಬೇಕು. ನಿಮ್ಮ ಸಂಜೆ ಏಳೂವರೆಗೆ ಕರೆ ಮಾಡಿದರೆ ಆಗುತ್ತದಾ? ನನಗೆ ಆಗ ಬೆಳಿಗ್ಗೆ ಒಂಬತ್ತು.

ಏಲಕ್ಕಿ_ಮನೆ
ಮಾಡಿ ಅಣ್ಣಾ, ಏಳೂವರೆಗೆ ಲ್ಯಾಂಡ್‌ಲೈನ್ ನಂಬರ್‌ನ ವಾಟ್ಸಾಪ್‌ಗೇ ಮಾಡಿ. ಎಷ್ಟು ಎಳೆಯದು ಬೇಕು ಅಂತ ಮನೆಯಲ್ಲಿ ಕೇಳಿಕೊಂಡಿರಿ.